ಬೇಸಿಗೆ ರಜೆಯ ಫೋಟೋ ಶಿಬಿರ: ದಿನಕ್ಕೆ ಹನ್ನೆರಡೇ ಕ್ಲಿಕ್

ಮಕ್ಕಳ ಪರೀಕ್ಷೆ ಮುಗೀತು ಅಂದ್ರೆ ಡೊಂಬಿವಲಿ, ಕಲ್ಯಾಣ್, ಥಾಣೆ, ನವಿಮುಂಬಯಿ ಕಡೆಯ ನಮ್ಮ ವಾಟ್ಸ್ಯಾಪ್ ಗ್ರೂಪುಗಳಲ್ಲಿ ಒಂದೇ ಪ್ರಶ್ನೆ ತಿರುಗುತ್ತೆ: "ಮಕ್ಕಳಿಗೆ ಏನಾದ್ರೂ ಶಿಬಿರ ಇದೆಯಾ?" ಈಜು ಇದೆ, ಕರಾಟೆ ಇದೆ, ಅಬಾಕಸ್ ಇದೆ. ನಾನು ಮತ್ತು ಇಬ್ಬರು ಗೆಳೆಯರು ಸೇರಿ ಕೆಲವು ಬೇಸಿಗೆಗಳಿಂದ ಮಕ್ಕಳ ಫೋಟೋಗ್ರಫಿ ಶಿಬಿರ ಮಾಡ್ತಾ ಇದ್ದೀವಿ. ನನ್ನ ಹೊಟ್ಟೆಪಾಡು ಸಾಫ್ಟ್‌ವೇರ್, ಫೋಟೋಗ್ರಫಿ ಬರೀ ಹವ್ಯಾಸ. ಹಾಗಾಗಿ ಕಲಾವಿದನ ಮಾತು ಅಂತ ಕೇಳ್ಬೇಡಿ. ನಿಮ್ಮ ಸೊಸೈಟಿಯಲ್ಲಿ, ನಿಮ್ಮೂರ ಸಂಘದ ಹಾಲ್‌ನಲ್ಲಿ ಇಂಥದ್ದೊಂದು ಮಾಡ್ಬೇಕು ಅಂತಿದ್ರೆ ಏನೇನು ಮಾಡಬಹುದು, ಯಾಕೆ ಹಾಗೆ ಮಾಡ್ಬೇಕು ಅನ್ನೋದಷ್ಟೇ ಇವತ್ತಿನ ಮಾತು.

ಮೊದಲು ದಿನಾಂಕದ ವಿಷಯ ಮುಗಿಸ್ತೀನಿ. ನಮ್ಮ ಮನೆಗಳಲ್ಲಿ ಮೇ ಅಂದ್ರೆ ಊರು. ಮತ್ಸ್ಯಗಂಧ ರೈಲಿಗೆ ಟಿಕೆಟ್ ಯಾವತ್ತೋ ಆಗಿರುತ್ತೆ, ಉಡುಪಿಗೋ ಮಂಗಳೂರಿಗೋ ಅರ್ಧ ಮಕ್ಕಳು ಹೊರಟೇ ಹೋಗ್ತಾರೆ. ಆದ್ದರಿಂದ ಏಪ್ರಿಲ್ ಕೊನೆಯ ವಾರ, ಮೇ ಮೊದಲ ವಾರ, ಒಟ್ಟು ಎಂಟು ದಿನ. ಬೆಳಿಗ್ಗೆ ಏಳರಿಂದ ಒಂಬತ್ತೂವರೆ, ಸಂಜೆ ಐದೂವರೆಯಿಂದ ಏಳು. ನಡುಹಗಲಲ್ಲಿ ಹೊರಗೆ ಕಾಲಿಡೋದು ಬೇಡ. ಬಿಸಿಲೂ ಜಾಸ್ತಿ, ಬೆಳಕೂ ಕೆಟ್ಟದ್ದು. ಹದಿನೈದು ಮಕ್ಕಳಿಗಿಂತ ಹೆಚ್ಚು ಬೇಡ, ಐದು ಮಕ್ಕಳಿಗೆ ಒಬ್ಬ ದೊಡ್ಡವರು ಬೇಕೇ ಬೇಕು. ಹತ್ತು ವರ್ಷಕ್ಕಿಂತ ಚಿಕ್ಕವರಾದ್ರೆ ಅದು ಬೇರೆಯದೇ ಶಿಬಿರ, ಅದರ ಬಗ್ಗೆ ನಾನು ಮಾತಾಡಲ್ಲ.

ಹೆತ್ತವರ ಮೊದಲ ಪ್ರಶ್ನೆ ಯಾವಾಗಲೂ "ಸರ್, ಯಾವ ಕ್ಯಾಮೆರಾ ತಗೋಬೇಕು?" ಯಾವುದೂ ಬೇಡ. ಮನೆಯಲ್ಲಿ ಡ್ರಾಯರ್‌ನಲ್ಲಿ ಬಿದ್ದಿರೋ ಹಳೇ ಫೋನ್ ಸಾಕು. ಸಿಮ್ ತೆಗೆದು ಕೊಡಿ, ಗಾಜು ಒಡೆದಿದ್ರೂ ನಡೆಯುತ್ತೆ. ಹೊಸ ಡಿಎಸ್‌ಎಲ್‌ಆರ್ ಕೊಟ್ಟು ಕಳಿಸಿದ ಮಗು ಎಂಟು ದಿನವೂ ಕ್ಯಾಮೆರಾ ಬೀಳಬಾರದು ಅಂತ ನೋಡ್ತಾ ಇರುತ್ತೆ, ಎದುರಿಗಿರೋದನ್ನ ನೋಡಲ್ಲ.

ಈಗ ಮುಖ್ಯ ಮಾತಿಗೆ ಬರ್ತೀನಿ. ಇವತ್ತಿನ ಮಕ್ಕಳಿಗೆ ಫೋಟೋ ತೆಗೆಯೋದನ್ನ ಯಾರೂ ಕಲಿಸಬೇಕಾಗಿಲ್ಲ, ನಮಗಿಂತ ಚುರುಕಾಗಿ ತೆಗೀತಾರೆ. ತೊಂದರೆ ಏನಂದ್ರೆ ಫೋಟೋಗೆ ಈಗ ಬೆಲೆ ಇಲ್ಲ. ನಮ್ಮ ಅಪ್ಪ ಅಮ್ಮನ ಕಾಲದಲ್ಲಿ ಒಂದು ರೋಲ್‌ನಲ್ಲಿ 36 ಫ್ರೇಮ್. ಮದುವೆ, ನಾಮಕರಣ, ಧರ್ಮಸ್ಥಳ ಪ್ರವಾಸ ಎಲ್ಲಾ ಅಷ್ಟರಲ್ಲೇ ಮುಗೀಬೇಕಿತ್ತು. ಹಾಗಾಗಿ ಒತ್ತೋ ಮುಂಚೆ ಒಂದು ಕ್ಷಣ ಕೈ ತಡೆಯುತ್ತಿತ್ತು. ಈಗ ಹನ್ನೊಂದು ವರ್ಷದ ಹುಡುಗ ಒಂದು ಸಂಜೆಗೆ ನಾನೂರು ಫೋಟೋ ತೆಗೆದು ಒಂದನ್ನೂ ತಿರುಗಿ ನೋಡದೆ ಮಲಗ್ತಾನೆ.

ಅದಕ್ಕೆ ನಮ್ಮ ಶಿಬಿರದಲ್ಲಿ ಒಂದೇ ಕಟ್ಟುನಿಟ್ಟಿನ ನಿಯಮ: ದಿನಕ್ಕೆ ಹನ್ನೆರಡು ಕ್ಲಿಕ್. ಡಿಲೀಟ್ ಮಾಡಿದ್ದೂ ಲೆಕ್ಕಕ್ಕೆ ಸೇರುತ್ತೆ. ಇದಕ್ಕೊಂದು ಆ್ಯಪ್ ಬರೆಯೋಣ ಅಂತ ಗೆಳೆಯನೊಬ್ಬ ಹೊರಟಿದ್ದ (ನಮ್ಮ ಕಸುಬಿನವರ ರೋಗ ಅದು), ಕೊನೆಗೆ ಹುಣಸೆ ಬೀಜವೇ ಗೆದ್ದಿತು. ಪ್ರತಿ ಮಗುವಿನ ಎಡಜೇಬಿನಲ್ಲಿ ಹನ್ನೆರಡು ಹುಣಸೆ ಬೀಜ. ಒಂದು ಕ್ಲಿಕ್ ಆಯಿತೋ, ಒಂದು ಬೀಜ ಬಲಜೇಬಿಗೆ. ಎಡಜೇಬು ಖಾಲಿ ಆದ್ರೆ ಫೋನ್ ಚೀಲಕ್ಕೆ. ಮೊದಲ ದಿನ ಎಲ್ಲರ ಬೀಜವೂ ಹತ್ತು ನಿಮಿಷದಲ್ಲಿ ಖಾಲಿ, ಉಳಿದ ಹೊತ್ತೆಲ್ಲ ಮುಖ ಊದಿಸಿಕೊಂಡು ಓಡಾಟ. ಮೂರನೇ ದಿನದ ಹೊತ್ತಿಗೆ ಜೇಬಲ್ಲಿ ಕೈ ಇಟ್ಟು ಬೀಜ ಸವರುತ್ತಾ ನಿಂತಿರ್ತಾರೆ, "ಇದಕ್ಕೆ ಕೊಡಲಾ, ಬೇಡ್ವಾ?" ಅಂತ. ಆ ನಿಲ್ಲೋದು ಬಂತಲ್ಲ, ಅಲ್ಲಿಂದಾಚೆಗೆ ಪಾಠ ಕೊಡಬಹುದು.

ಪಾಠ ಶುರುವಾಗೋದು ಕ್ಯಾಮೆರಾ ಇಲ್ಲದೆ. ಬಿಸಿಲು ಬೀಳೋ ಬಿಲ್ಡಿಂಗ್ ಎದುರಿಗಿರೋ ಒಂದು ಕೋಣೆ ಆರಿಸಿಕೊಳ್ಳಿ. ಕಿಟಕಿಗೆ ಕಪ್ಪು ಚಾರ್ಟ್ ಕಾಗದ ಅಂಟಿಸಿ, ಸಂದಿಗೆ ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್. ಕಾಗದದ ನಡುವೆ ಕಿರುಬೆರಳ ತುದಿಯಷ್ಟು, ಅಂದ್ರೆ ಎಂಟು ಹತ್ತು ಮಿಲಿಮೀಟರ್ ತೂತು. ದೀಪ ಆರಿಸಿ, ಐದು ನಿಮಿಷ ಸುಮ್ಮನೆ ಕೂರಿಸಿ. ಕಣ್ಣು ಕತ್ತಲಿಗೆ ಹೊಂದಿಕೊಳ್ತಿದ್ದ ಹಾಗೆ ಎದುರು ಗೋಡೆ ಮೇಲೆ ಆಚೆ ಬಿಲ್ಡಿಂಗ್ ತಲೆಕೆಳಗಾಗಿ ನಿಂತಿರೋದು ಕಾಣ್ಸುತ್ತೆ. ಬಣ್ಣಸಮೇತ. ಗ್ಯಾಲರಿಯಲ್ಲಿ ಒಣಹಾಕಿದ ಬಟ್ಟೆ ಗಾಳಿಗೆ ಹಾರೋದೂ ಕಾಣುತ್ತೆ, ಮೇಲಿಂದ ಕೆಳಕ್ಕಲ್ಲ, ಕೆಳಗಿಂದ ಮೇಲಕ್ಕೆ ತೂಗಾಡಿಕೊಂಡು. ಮಕ್ಕಳು ಕಿರುಚ್ತಾರೆ. ಕಿರುಚಲಿ ಬಿಡಿ.

ಯಾಕೆ ತಲೆಕೆಳಗು? ಬೆಳಕು ನೇರ ಗೆರೆಯಲ್ಲಿ ಹೋಗುತ್ತೆ. ಬಿಲ್ಡಿಂಗಿನ ತುದಿಯಿಂದ ಹೊರಟ ಗೆರೆ ಆ ಸಣ್ಣ ತೂತಲ್ಲಿ ನುಸುಳಿದ್ರೆ ಇಳಿಯುತ್ತಾ ಹೋಗಿ ಗೋಡೆಯ ಕೆಳಗೆ ಬೀಳ್ಬೇಕು, ಬುಡದಿಂದ ಹೊರಟದ್ದು ಏರುತ್ತಾ ಹೋಗಿ ಮೇಲೆ ಬೀಳ್ಬೇಕು. ಇಷ್ಟೇ. ಹಂಪಿಗೆ ಹೋಗಿ ಬಂದ ಮಗು ಒಂದಾದ್ರೂ ಇರುತ್ತೆ, "ವಿರೂಪಾಕ್ಷ ದೇವಸ್ಥಾನದಲ್ಲೂ ಹೀಗೇ ಇತ್ತು!" ಅನ್ನುತ್ತೆ. ಹೌದು, ಅದೇ ಇದು. ಅಲ್ಲಿ ಒಂದು ಕತ್ತಲ ಕೋಣೆಯ ಗೋಡೆ ಮೇಲೆ ಒಂಬತ್ತು ಅಂತಸ್ತಿನ ರಾಜಗೋಪುರದ ಬಿಂಬ ತಲೆಕೆಳಗಾಗಿ ಬೀಳುತ್ತೆ, ಗೈಡ್‌ಗಳು ತಪ್ಪದೆ ತೋರಿಸ್ತಾರೆ. ಲೆನ್ಸ್ ಇಲ್ಲ, ಬ್ಯಾಟರಿ ಇಲ್ಲ. ತೂತು ಮತ್ತು ಗೋಡೆ. ನಿಮ್ಮ ಫೋನೂ ಅದೇ ಕತ್ತಲ ಕೋಣೆ, ಅಂಗೈಯಷ್ಟು ಸಣ್ಣದು ಮಾಡಿಟ್ಟದ್ದು. ಹೊರಗೆ ಬಂದ ಮೇಲೆ ಮರದಡಿಗೆ ಕರ್ಕೊಂಡು ಹೋಗಿ ನೆಲ ತೋರಿಸಿ. ಎಲೆಗಳ ಸಂದಿಯಿಂದ ಬಿದ್ದ ಬೆಳಕಿನ ಚುಕ್ಕೆಗಳು ದುಂಡಗಿರ್ತವೆ. ಸಂದಿ ಯಾವ ಆಕಾರದಲ್ಲೇ ಇರಲಿ, ಚುಕ್ಕೆ ದುಂಡಗೆ. ಯಾಕಂದ್ರೆ ಅವು ಸಂದಿಯ ಆಕಾರ ಅಲ್ಲ, ಒಂದೊಂದೂ ಸೂರ್ಯನ ಬಿಂಬ.

ನಡುಹಗಲ ಬೆಳಕು ಕೆಟ್ಟದ್ದು ಅಂದೆ. ಥಾಣೆ ಡೊಂಬಿವಲಿ ಇರೋದು ಸುಮಾರು 19.2 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮೇ 16ರ ಆಸುಪಾಸಲ್ಲಿ ಸೂರ್ಯ ನಮ್ಮ ನೆತ್ತಿಯ ಮೇಲೇ ಬರ್ತಾನೆ, ಹೊತ್ತು ಮಧ್ಯಾಹ್ನ 12 ಗಂಟೆ 35 ನಿಮಿಷದ ಸುಮಾರು. ಅವತ್ತು ಬಾಟ್ಲಿಯನ್ನ ನೆಟ್ಟಗೆ ನಿಲ್ಲಿಸಿದ್ರೆ ಪಕ್ಕದಲ್ಲಿ ನೆರಳೇ ಇರಲ್ಲ. ಅದನ್ನೇ ಶೂನ್ಯ ನೆರಳಿನ ದಿನ ಅಂತಾರೆ. ಮಂಗಳೂರು, ಬೆಂಗಳೂರಲ್ಲಿ ಇದು ಏಪ್ರಿಲ್ 24ರ ಸುಮಾರಿಗೇ ಬಂದು ಹೋಗಿರುತ್ತೆ, ಅವು ಇನ್ನೂ ದಕ್ಷಿಣಕ್ಕಿವೆ ಅಲ್ವಾ. ಬೆಳಕು ನೆತ್ತಿಯಿಂದ ಬಿದ್ರೆ ಹುಬ್ಬಿನ ನೆರಳು ಕಣ್ಣಿನ ಮೇಲೆ, ಮೂಗಿನ ನೆರಳು ತುಟಿಯ ಮೇಲೆ. ಎಂಥ ಚೆಂದದ ಮುಖವೂ ತಲೆಬುರುಡೆ ಥರ ಕಾಣುತ್ತೆ. ಇದನ್ನ ಬಾಯಲ್ಲಿ ಹೇಳೋ ಬದಲು ಒಂದೇ ಮುಖವನ್ನ ಮೂರು ಸಲ ತೆಗೆಸಿ: ಮಧ್ಯಾಹ್ನ ಗ್ಯಾಲರಿಯ ಅಂಚಲ್ಲಿ, ಆಮೇಲೆ ಬಾಗಿಲ ಒಳಗೆ ಎರಡು ಹೆಜ್ಜೆ ಹಿಂದೆ ಸರಿದು, ಸಂಜೆ ಆರೂಕಾಲಿಗೆ ಸೊಸೈಟಿ ಅಂಗಳದಲ್ಲಿ. ಮೂರು ಬೀಜದ ಖರ್ಚು, ಜೀವಮಾನಕ್ಕಾಗೋ ಪಾಠ.

ಬೆಳಕನ್ನ ನಾವು ಬೇಕಾದ ಕಡೆ ತಿರುಗಿಸಬಹುದು ಅನ್ನೋದಕ್ಕೆ ನಾನು ಹೇಳೋ ಕಥೆ ನಮ್ಮವರದ್ದೇ. ಮೈಸೂರಿನಲ್ಲಿ ಹುಟ್ಟಿ ಮುಂಬಯಿ ಸಿನಿಮಾದಲ್ಲಿ ಬೆಳೆದ ವಿ. ಕೆ. ಮೂರ್ತಿ. ಗುರುದತ್ ಅವರ 'ಪ್ಯಾಸಾ', 'ಕಾಗಜ್ ಕೆ ಫೂಲ್' ಎರಡಕ್ಕೂ ಛಾಯಾಗ್ರಾಹಕರು ಇವರೇ. 2008ರ ಸಾಲಿನ ಫಾಲ್ಕೆ ಪ್ರಶಸ್ತಿಯೂ ಬಂತು. 1959ರ 'ಕಾಗಜ್ ಕೆ ಫೂಲ್'ನಲ್ಲಿ ಖಾಲಿ ಸ್ಟುಡಿಯೋದ ಕತ್ತಲಲ್ಲಿ ಒಂದು ದಪ್ಪ ಬೆಳಕಿನ ಕಂಬ ಮೇಲಿಂದ ಓರೆಯಾಗಿ ಇಳಿಯೋ ದೃಶ್ಯ ಇದೆ. ಅದು ಯಾವುದೋ ದೊಡ್ಡ ದೀಪ ಅಲ್ಲ, ಹೊರಗಿನ ಬಿಸಿಲು. ಎರಡು ದೊಡ್ಡ ಕನ್ನಡಿ ಇಟ್ಟು, ಒಂದರಿಂದ ಇನ್ನೊಂದಕ್ಕೆ ಹಾಯಿಸಿ ಬಿಸಿಲನ್ನ ಒಳಗೆ ತಂದರು. ನಾವು ಇದನ್ನ ಶೇವಿಂಗ್ ಕನ್ನಡಿ ಎರಡು, ಊದುಬತ್ತಿ ಎರಡು ಇಟ್ಟುಕೊಂಡು ಮಾಡ್ತೀವಿ. ಒಬ್ಬಳು ಗ್ಯಾಲರಿಯಲ್ಲಿ ಕನ್ನಡಿ ಹಿಡೀತಾಳೆ, ಇನ್ನೊಬ್ಬ ಕೋಣೆಯೊಳಗೆ. ಊದುಬತ್ತಿ ಹೊಗೆ ಇಲ್ಲದೆ ಹೋದ್ರೆ ಕಂಬ ಕಾಣಲ್ಲ, ಗೋಡೆ ಮೇಲೆ ಚುಕ್ಕೆ ಮಾತ್ರ ಕಾಣುತ್ತೆ. ಬೆಳಕು ಯಾವುದಕ್ಕಾದ್ರೂ ತಾಗಿದ್ರೇ ನಮಗೆ ಕಾಣೋದು. ಕನ್ನಡಿಯ ಬಿಸಿಲು ಯಾರ ಕಣ್ಣಿಗೂ ಹೊಡೀಬಾರದು, ಎದುರು ಬಿಲ್ಡಿಂಗಿನ ಅಜ್ಜನ ಕಣ್ಣಿಗಂತೂ ಬೇಡವೇ ಬೇಡ.

ಇನ್ನು ಎಕ್ಸ್‌ಪೋಶರ್. ಇದನ್ನ ನಾನು ದೋಸೆಯಲ್ಲಿ ಹೇಳ್ತೀನಿ, ಯಾಕಂದ್ರೆ ಶಿಬಿರಕ್ಕೆ ಬರೋ ಮಕ್ಕಳಲ್ಲಿ ಇಬ್ಬರು ಮೂವರ ಮನೆಯವರದ್ದಾದ್ರೂ ಹೋಟೆಲ್ ಇರುತ್ತೆ. ಉರಿ ಎಷ್ಟು ದೊಡ್ಡದು ಅನ್ನೋದು ಅಪರ್ಚರ್, ದೋಸೆ ಕಾವಲಿ ಮೇಲೆ ಎಷ್ಟು ಹೊತ್ತು ಅನ್ನೋದು ಶಟರ್. ಉರಿ ಸಣ್ಣದಿದ್ರೆ ಹೆಚ್ಚು ಹೊತ್ತು ಬಿಡಬೇಕು, ದೊಡ್ಡದಿದ್ರೆ ಬೇಗ ತೆಗೀಬೇಕು. ಹೆಚ್ಚಿನ ಫೋನುಗಳಲ್ಲಿ ಉರಿ ಒಂದೇ ಮಟ್ಟ, ತಿರುಗಿಸೋಕೆ ಬರಲ್ಲ, ಹೊತ್ತಿನಲ್ಲೇ ಆಟ. ಒಂದು ವರ್ಷ ಒಬ್ಬ ಹುಡುಗ ಕೈ ಎತ್ತಿ ಹೇಳಿದ, "ಸರ್, ಆದ್ರೆ ದೋಸೆ ಸೀದ್ರೆ ಕಪ್ಪಾಗುತ್ತೆ, ಫೋಟೋ ಸೀದ್ರೆ ಬಿಳಿಯಾಗುತ್ತೆ!" ಸರಿಯಾದ ಮಾತು. ಈಗ ನಾನೇ ಆ ಪ್ರಶ್ನೆ ಕೇಳಿಸೋ ಹಾಗೆ ಪಾಠ ಮಾಡ್ತೀನಿ. ಐಎಸ್‌ಒ ಅಂದ್ರೆ ಗಣೇಶ ಮಂಡಳದ ಧ್ವನಿವರ್ಧಕ: ದನಿ ಕಮ್ಮಿ ಇದ್ರೆ ವಾಲ್ಯೂಮ್ ಏರಿಸಬಹುದು, ಜೊತೆಗೆ ಗೊರಗೊರ ಸದ್ದೂ ಏರುತ್ತೆ. ಕತ್ತಲಲ್ಲಿ ತೆಗೆದ ಫೋಟೋದಲ್ಲಿ ರವೆ ಚೆಲ್ಲಿದ ಹಾಗೆ ಕಾಣೋದು ಆ ಸದ್ದೇ.

ಶಟರ್ ವೇಗ ತೋರಿಸೋಕೆ ಎಲ್ಲರಿಗೂ ಹೊಳೆಯೋದು ಲೋಕಲ್ ಟ್ರೈನ್. ದಯವಿಟ್ಟು ಬೇಡ. ಹಳಿಯ ಹತ್ತಿರ, ಪ್ಲ್ಯಾಟ್‌ಫಾರ್ಮ್ ಅಂಚಿಗೆ ಹದಿನೈದು ಮಕ್ಕಳನ್ನ ಫೋನ್ ಕೊಟ್ಟು ನಿಲ್ಲಿಸೋ ಕೆಲಸ ಯಾವ ಕಾರಣಕ್ಕೂ ಮಾಡ್ಬೇಡಿ. ಹಳಿಗೆ ಇಳಿಯೋದಂತೂ ರೈಲ್ವೆ ಕಾಯಿದೆ ಪ್ರಕಾರ ಅಪರಾಧ. ಹಾಲ್‌ನ ಸೀಲಿಂಗ್ ಫ್ಯಾನ್ ಸಾಕು. ಲೆಕ್ಕ ನೋಡಿ: ಮಾಮೂಲಿ 1200 ಮಿಲಿಮೀಟರ್ ಫ್ಯಾನ್ ನಿಮಿಷಕ್ಕೆ 300 ಸುತ್ತು ತಿರುಗಿದ್ರೆ ರೆಕ್ಕೆಯ ತುದಿ ಸೆಕೆಂಡಿಗೆ 18.8 ಮೀಟರ್ ಓಡುತ್ತೆ, ಅಂದ್ರೆ ಗಂಟೆಗೆ 68 ಕಿಲೋಮೀಟರ್ ಹತ್ತಿರ. ಲೋಕಲ್‌ನಷ್ಟೇ ವೇಗ, ನಮ್ಮ ತಲೆ ಮೇಲೇ! ಶಟರ್ ಸೆಕೆಂಡಿನ ಮೂವತ್ತನೇ ಒಂದು ಭಾಗ ತೆರೆದಿದ್ರೆ ಅಷ್ಟರಲ್ಲಿ ತುದಿ 63 ಸೆಂಟಿಮೀಟರ್ ಸರಿದಿರುತ್ತೆ, ಫೋಟೋದಲ್ಲಿ ಬರೀ ಬೂದುಬಣ್ಣದ ಚಕ್ರ. ಸಾವಿರದ ಒಂದು ಭಾಗ ಆದ್ರೆ ಎರಡು ಸೆಂಟಿಮೀಟರ್‌ಗಿಂತ ಕಮ್ಮಿ. ರೆಕ್ಕೆ ನಿಂತ ಹಾಗೆ ಕಾಣುತ್ತೆ, ಆದ್ರೆ ಫೋಟೋ ಕತ್ತಲು, ಐಎಸ್‌ಒ ಏರಿಸಿದ್ರೆ ರವೆ. ಅಲ್ಲಿಗೆ ದೋಸೆ, ಧ್ವನಿವರ್ಧಕ, ಫ್ಯಾನ್ ಮೂರೂ ಒಂದೇ ಕಡೆ ಸೇರಿದವು. ಫೋನ್‌ನಲ್ಲಿ ಪ್ರೊ ಮೋಡ್ ಇದ್ರೆ ಶಟರ್ ಕೈಯಲ್ಲೇ ಬದಲಿಸಬಹುದು. ಈ ಪಾಠದ ದಿನ ಮಾತ್ರ ಬೀಜದ ನಿಯಮಕ್ಕೆ ರಜೆ.

ಮಧ್ಯದಲ್ಲೊಂದು ದಿನ ಫೋನೇ ಮುಟ್ಟದ ಫೋಟೋ. 1842ರಲ್ಲಿ ಇಂಗ್ಲೆಂಡಿನ ಜಾನ್ ಹರ್ಷೆಲ್ ಕಂಡುಹಿಡಿದ ಸಯನೋಟೈಪ್. ಮರುವರ್ಷವೇ ಆ್ಯನಾ ಆಟ್ಕಿನ್ಸ್ ಅನ್ನೋ ಸಸ್ಯಪ್ರೇಮಿ ಅದರಲ್ಲಿ ಕಡಲಪಾಚಿಗಳ ಪುಸ್ತಕ ಮಾಡಲು ಶುರುಮಾಡಿದರು. ಫೆರಿಕ್ ಅಮೋನಿಯಂ ಸಿಟ್ರೇಟ್ ಮತ್ತು ಪೊಟ್ಯಾಸಿಯಂ ಫೆರಿಸಯನೈಡ್ ದ್ರಾವಣ ಬೆರೆಸಿ, ಚಿತ್ರಕಲೆಯ ಕಾಗದಕ್ಕೆ ಬಳಿದು, ಕತ್ತಲಲ್ಲಿ ಒಣಗಿಸಿಟ್ಟುಕೊಳ್ಳೋದು. ಬೆರೆಸೋ, ಬಳಿಯೋ ಕೆಲಸ ದೊಡ್ಡವರದ್ದೇ, ಕೈಗವಸು ಹಾಕಿ, ಅಡುಗೆ ಪಾತ್ರೆ ಮುಟ್ಟದೆ, ಆ್ಯಸಿಡ್ ಹತ್ತಿರಕ್ಕೂ ತರದೆ. ಮಕ್ಕಳು ಕಾಗದದ ಮೇಲೆ ನುಗ್ಗೆ ಸೊಪ್ಪು, ಕರಿಬೇವಿನ ಕಡ್ಡಿ ಇಟ್ಟು, ಗಾಜು ಮುಚ್ಚಿ ಬಿಸಿಲಿಗಿಡ್ತಾರೆ. ನಮ್ಮ ಮೇ ಬಿಸಿಲಿಗೆ ಹತ್ತು ನಿಮಿಷ ಸಾಕು. ಬಕೆಟ್ ನೀರಲ್ಲಿ ತೊಳೆದ ಹಾಗೆ ಸುತ್ತ ಗಾಢ ನೀಲಿ, ಎಲೆ ಇದ್ದಲ್ಲಿ ಬಿಳಿ. ಮನೆಯ ನಕ್ಷೆಗೆ ಬ್ಲೂಪ್ರಿಂಟ್ ಅನ್ನೋ ಹೆಸರು ಬಂದದ್ದು ಇದರಿಂದಲೇ. ನುಗ್ಗೆ ಸೊಪ್ಪಿನ ಸಣ್ಣ ಎಲೆಗಳು ಬರೋ ಚೆಂದ ಬೇರೆ ಯಾವುದಕ್ಕೂ ಬರಲ್ಲ.

ಈಗ ಹೊರಗಡೆ. ಎಲ್ಲಾ ಹೆತ್ತವರಿಗೂ ಫ್ಲೆಮಿಂಗೊ ಬೇಕು. ಸರಿ, ಥಾಣೆ ಖಾಡಿ ಅಷ್ಟು ಹತ್ತಿರ ಇದೆ. 2015ರಲ್ಲಿ ಫ್ಲೆಮಿಂಗೊ ಅಭಯಾರಣ್ಯ ಆಯಿತು, 2022ರಲ್ಲಿ ರಾಮ್‌ಸಾರ್ ಪಟ್ಟಿಗೂ ಸೇರಿತು. ಚಳಿಗಾಲ ಶುರುವಾಗೋವಾಗ ಬರೋ ಹಕ್ಕಿಗಳು ಮೇ ತನಕ ಇರ್ತವೆ. ಆದ್ರೆ ಹೋಗೋ ಹೊತ್ತನ್ನ ಗಡಿಯಾರ ನೋಡಿ ಅಲ್ಲ, ಸಮುದ್ರದ ಭರತ ಇಳಿತ ನೋಡಿ ನಿಶ್ಚಯಿಸಬೇಕು. ಇಳಿತದಲ್ಲಿ ಖಾಡಿಯ ಕೆಸರು ತೆರೆದುಕೊಳ್ಳುತ್ತೆ, ಹಕ್ಕಿಗಳು ಅಲ್ಲಿ ಮೇಯ್ತವೆ. ಐರೋಲಿಯ ಕರಾವಳಿ ಜೀವವೈವಿಧ್ಯ ಕೇಂದ್ರದಿಂದ ದೋಣಿಯಲ್ಲಿ ಹೋಗಿ ನೋಡಬಹುದು. ಭರತ ಬಂದು ಕೆಸರು ಮುಳುಗಿದಾಗ ನೆರೂಳ್, ಸೀವುಡ್ಸ್ ಕಡೆಯ ಕೆರೆ ಜೌಗುಗಳಿಗೆ ಬಂದು ನಿಲ್ತವೆ. ಭರತದ ಹೊತ್ತು ದಿನದಿಂದ ದಿನಕ್ಕೆ ಸುಮಾರು ಐವತ್ತು ನಿಮಿಷ ಮುಂದಕ್ಕೆ ಹೋಗುತ್ತೆ, ಹಾಗಾಗಿ ಕಳೆದ ಭಾನುವಾರ ಕಂಡ ಹೊತ್ತಿಗೆ ಈ ಭಾನುವಾರ ಹೋದ್ರೆ ಬರೀ ನೀರು.

ಮಕ್ಕಳಿಗೆ ಮೊದಲೇ ಇನ್ನೊಂದು ಲೆಕ್ಕವನ್ನೂ ಹೇಳಿಬಿಡಿ. 12 ಮೆಗಾಪಿಕ್ಸೆಲ್ ಫೋನ್‌ನ ಮಾಮೂಲಿ ಲೆನ್ಸಿನಲ್ಲಿ 200 ಮೀಟರ್ ದೂರದ ಚಿಕ್ಕ ಫ್ಲೆಮಿಂಗೊ ಸುಮಾರು 15 ಪಿಕ್ಸೆಲ್ ಎತ್ತರ ಬರುತ್ತೆ. ಕೊಕ್ಕು, ಕಣ್ಣು ಏನೂ ಇಲ್ಲ, ಗುಲಾಬಿ ಚುಕ್ಕೆ. ಬೆರಳಲ್ಲಿ ಎಳೆದು ಜೂಮ್ ಮಾಡಿದ್ರೆ ಹತ್ತಿರ ಹೋದ ಹಾಗಲ್ಲ, ಅದೇ ಚಿತ್ರ ಕತ್ತರಿಸಿದ ಹಾಗೆ. ಇದು ಗೊತ್ತಿದ್ದ ಮಗು ಹಕ್ಕಿಯ ಮುಖಕ್ಕೆ ಹೋಗಲ್ಲ. ನೀರಿನ ಬೂದು, ಮಧ್ಯೆ ಒಂದು ಗುಲಾಬಿ ಗೆರೆ, ಹಿಂದೆ ಬಿಲ್ಡಿಂಗ್‌ಗಳ ಸಾಲು, ಹಾಗೆ ತೆಗೆಯುತ್ತೆ. ನನಗೆ ಕೇಳಿದ್ರೆ ನವಿಮುಂಬಯಿಯ ನಿಜವಾದ ಚಿತ್ರ ಅದೇ. ಹಾರಿಸೋಕೆ ಕಲ್ಲು ಎಸೆಯೋದು, ಚಪ್ಪಾಳೆ ತಟ್ಟೋದು ಮಾಡಿದವರಿಗೆ ಅವತ್ತಿನ ಬೀಜ ವಾಪಸ್.

ಫ್ಲೆಮಿಂಗೊಗಿಂತ ನನಗೆ ಮುಖ್ಯವಾದ ನಡಿಗೆ ಬೀದಿಯದ್ದು. ಡೊಂಬಿವಲಿಯ ಫಡಕೆ ರೋಡ್, ಕಲ್ಯಾಣದ ಹೂವಿನ ಮಾರುಕಟ್ಟೆ, ಥಾಣೆಯ ತಲಾವ್ ಪಾಳಿ, ಯಾವುದಾದ್ರೂ ಸರಿ. ಇಲ್ಲಿ ನಿಯಮ ಒಂದೇ: ಕೇಳದೆ ಯಾರ ಮುಖವನ್ನೂ ತೆಗೆಯೋ ಹಾಗಿಲ್ಲ. "ಕಾಕಾ, ಫೋಟೋ ಕಾಢೂ ಕಾ?" ಇಷ್ಟು ಮರಾಠಿ ಎಲ್ಲರಿಗೂ ಬರುತ್ತೆ, ಆದ್ರೆ ಬಾಯಿ ಬಿಡೋಕೆ ಧೈರ್ಯ ಬೇಕು. ಬೇಡ ಅಂದ್ರೆ ಕೈ ಮುಗಿದು ಮುಂದಕ್ಕೆ. ಹೂ ಅಂದ್ರೆ ಹೆಸರು ಕೇಳ್ಬೇಕು, ಏನು ಮಾರ್ತಾರೆ, ಯಾವ ಊರು ಅಂತ ಕೇಳ್ಬೇಕು, ಆಮೇಲೆ ಬೀಜ ಖರ್ಚು ಮಾಡ್ಬೇಕು. ಮನೆಯ ಕೆಳಗೇ ದಿನಾ ಸೊಪ್ಪು ಮಾರೋ ಮಾವಶಿಯ ಹೆಸರು ಮಕ್ಕಳಿಗೆ ಆವತ್ತೇ ಮೊದಲ ಸಲ ಗೊತ್ತಾಗೋದು.

ಈ ನಿಯಮ ಯಾವಾಗಲೂ ಸಲೀಸಾಗಿ ನಡೆಯುತ್ತೆ ಅಂತ ಅಂದ್ಕೋಬೇಡಿ. ಒಂದು ಬೇಸಿಗೆ ಏಳನೇ ಕ್ಲಾಸಿನ ಹುಡುಗಿಯೊಬ್ಬಳು ಮಾರುಕಟ್ಟೆಯ ಬದಿಯಲ್ಲಿ ಖಾಲಿ ಬುಟ್ಟಿಗಳ ನಡುವೆ ಮಲಗಿದ್ದ ಹಮಾಲರೊಬ್ಬರ ಫೋಟೋ ತೆಗೆದಳು. ಮುಖದ ಅರ್ಧಕ್ಕೆ ಬೆಳಕು, ಪಕ್ಕದಲ್ಲಿ ಉದುರಿದ ಚೆಂಡುಹೂವು. ಆ ವರ್ಷದ ಅತ್ಯುತ್ತಮ ಚಿತ್ರ ಅದೇ, ಅನುಮಾನ ಇಲ್ಲ. "ಕೇಳಿದ್ಯಾ?" ಅಂದೆ. "ನಿದ್ದೆ ಮಾಡ್ತಿದ್ದವರನ್ನ ಎಬ್ಬಿಸಿ ಕೇಳೋದಾ ಸರ್?" ಅಂದಳು. ಮಕ್ಕಳಲ್ಲಿ ಎರಡು ಪಕ್ಷ ಆಯ್ತು. ಒಬ್ಬ ಅಂದ, ನಮ್ಮಪ್ಪ ಸೋಫಾ ಮೇಲೆ ಬಾಯಿ ತೆರೆದು ಮಲಗಿದ್ದನ್ನ ಯಾರಾದ್ರೂ ಗೋಡೆಗೆ ಹಾಕಿದ್ರೆ ನನಗೆ ಸಿಟ್ಟು ಬರುತ್ತೆ. ಇನ್ನೊಬ್ಬಳು ಅಂದಳು, ಕೇಳಿದ್ರೆ ಅವರು ಎದ್ದು ಕೂತು ಸ್ಮೈಲ್ ಮಾಡ್ತಾರೆ, ಆಗ ನಿಜ ಎಲ್ಲಿರುತ್ತೆ? ಅರ್ಧ ಗಂಟೆ ಜಗಳ. ಕೊನೆಗೆ ಆ ಹುಡುಗಿಯೇ ಪ್ರದರ್ಶನಕ್ಕೆ ಹಾಕಲ್ಲ ಅಂದಳು, ಆದ್ರೆ ಅಳಿಸಲೂ ಇಲ್ಲ. ನನಗೆ ಇವತ್ತಿಗೂ ಆ ಎರಡನೆಯವಳ ಪ್ರಶ್ನೆಗೆ ಪೂರ್ತಿ ಉತ್ತರ ಇಲ್ಲ.

ಇದು ನಮ್ಮ ಮಾರುಕಟ್ಟೆಯ ಪ್ರಶ್ನೆ ಮಾತ್ರ ಅಲ್ಲ. ಕೋಲ್ಕತ್ತಾದ ಸೋನಾಗಾಛಿಯ ಮಕ್ಕಳಿಗೆ ಕ್ಯಾಮೆರಾ ಕೊಟ್ಟ ಕಥೆಯ 'ಬಾರ್ನ್ ಇಂಟು ಬ್ರಾಥೆಲ್ಸ್' ಸಾಕ್ಷ್ಯಚಿತ್ರಕ್ಕೆ 2005ರಲ್ಲಿ ಆಸ್ಕರ್ ಬಂತು. ಮಕ್ಕಳ ಫೋಟೋಗಳನ್ನ ಜಗತ್ತು ಹೊಗಳಿತು. ಜೊತೆಗೆ ಆ ತಾಯಂದಿರನ್ನ ಹಾಗೆ ತೋರಿಸಿದ್ದು ಸರಿಯಾ ಅನ್ನೋ ತಕರಾರೂ ಎದ್ದಿತು.

ನಮ್ಮ ಮಕ್ಕಳ ಫೋಟೋಗಳ ವಿಷಯದಲ್ಲೂ ಅಷ್ಟೇ ಎಚ್ಚರ. ಶಿಬಿರದ ಮೊದಲ ದಿನ ಪ್ರತಿ ಫೋನ್‌ನ ಕ್ಯಾಮೆರಾದಲ್ಲಿ ಲೊಕೇಶನ್ ಆಫ್ ಮಾಡಿಸಿ. ಇಲ್ಲದಿದ್ರೆ ಫೋಟೋ ಫೈಲ್ ಒಳಗೇ ತೆಗೆದ ಜಾಗದ ಅಕ್ಷಾಂಶ ರೇಖಾಂಶ ಕೂತಿರುತ್ತೆ. ವಾಟ್ಸ್ಯಾಪ್‌ನಲ್ಲಿ ಫೋಟೋ ಅಂತ ಕಳಿಸಿದ್ರೆ ಆ ಮಾಹಿತಿ ಉದುರಿ ಹೋಗುತ್ತೆ, ಡಾಕ್ಯುಮೆಂಟ್ ಅಂತ ಕಳಿಸಿದ್ರೆ ಹಾಗೇ ಹೋಗುತ್ತೆ. ಒಳ್ಳೆ ಕ್ವಾಲಿಟಿ ಬೇಕು ಅಂತ ನಾವೆಲ್ಲ ಕಳಿಸೋದು ಎರಡನೇ ರೀತಿಯಲ್ಲೇ. ಮಗು ತನ್ನ ಬೆಡ್‌ರೂಮ್ ಕಿಟಕಿಯಿಂದ ತೆಗೆದ ಸೂರ್ಯಾಸ್ತ ಅಂದ್ರೆ ಮನೆಯ ವಿಳಾಸ ಅಂತಲೇ ಲೆಕ್ಕ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯಿದೆ 18 ವರ್ಷದೊಳಗಿನ ಎಲ್ಲರನ್ನೂ ಮಕ್ಕಳು ಅಂತಲೇ ಪರಿಗಣಿಸುತ್ತೆ, ಅವರ ಮಾಹಿತಿ ಬಳಸೋಕೆ ಹೆತ್ತವರ ಒಪ್ಪಿಗೆ ಕೇಳುತ್ತೆ. ಕಾಯಿದೆ ಹಾಗಿರಲಿ, ನಾವು ಹೆತ್ತವರ ಸಹಿ ಇಲ್ಲದೆ ಒಂದು ಮಗುವಿನ ಮುಖವನ್ನೂ ಎಲ್ಲೂ ಹಾಕಲ್ಲ. ಮಗುವಿನ ಒಪ್ಪಿಗೆಯನ್ನೂ ಬೇರೆಯಾಗಿ ಕೇಳ್ತೀವಿ. ಅಮ್ಮ ಹೂ ಅಂದು ಮಗಳು ಬೇಡ ಅಂದ್ರೆ, ಬೇಡ.

ಈಗ ಶಿಬಿರದ ಹೃದಯ ಅಂತ ನಾನು ಅಂದ್ಕೊಂಡಿರೋದು: ಆರಿಸೋದು, ಬರೆಯೋದು. ಎಂಟು ದಿನಕ್ಕೆ ಒಬ್ಬೊಬ್ಬರದ್ದು ತೊಂಬತ್ತರ ಒಳಗೆ ಫೋಟೋ. ಅದರಲ್ಲಿ ನಾಲ್ಕು ಮಾತ್ರ ಉಳಿಯುತ್ತೆ. ಅಮೆರಿಕದ ವೆಂಡಿ ಇವಾಲ್ಡ್ ಅನ್ನೋ ಫೋಟೋಗ್ರಾಫರ್ 1969ರಿಂದಲೇ ಮಕ್ಕಳ ಕೈಗೆ ಕ್ಯಾಮೆರಾ ಕೊಟ್ಟು ಕೆಲಸ ಮಾಡಿದವರು. ತಾನು, ತನ್ನ ಮನೆಯವರು, ತನ್ನ ಸಮುದಾಯ, ತನ್ನ ಕನಸು, ಈ ನಾಲ್ಕರ ಚಿತ್ರ ತೆಗೆಸಿ ಅದರ ಬಗ್ಗೆ ಮಕ್ಕಳ ಕೈಯಲ್ಲೇ ಬರೆಸ್ತಿದ್ದರು. ಅವರಿಂದ ಆ ನಾಲ್ಕನ್ನ ಹಾಗೇ ತಗೊಂಡಿದ್ದೀವಿ. ಒಂದನ್ನ ಮಾತ್ರ ನಾವು ಸೇರಿಸಿದ್ದು: ಚಿತ್ರದ ಕೆಳಗಿನ ಎರಡು ಸಾಲು ಕನ್ನಡದಲ್ಲಿರಬೇಕು.

ಇದು ಹಠ ಅಲ್ಲ, ಕಾರಣ ಇದೆ. ಕನ್ನಡ ಕಲಿಯೋಕೆ ಇಲ್ಲಿ ಜಾಗವೇ ಇಲ್ಲ ಅಂತಲ್ಲ. ಡೊಂಬಿವಲಿಯಲ್ಲಿ ಕರ್ನಾಟಕ ಸಂಘದವರ ಮಂಜುನಾಥ ವಿದ್ಯಾಲಯ ಇದೆ. ಆದ್ರೆ ನಮ್ಮ ಶಿಬಿರಕ್ಕೆ ಬರೋ ಮಕ್ಕಳದ್ದು ಹೆಚ್ಚಾಗಿ ಸ್ಕೂಲಲ್ಲಿ ಇಂಗ್ಲಿಷ್, ಬಿಲ್ಡಿಂಗ್ ಕೆಳಗೆ ಹಿಂದಿ ಮರಾಠಿ, ಮನೆಯಲ್ಲಿ ತುಳುವೋ ಕೊಂಕಣಿಯೋ ಕನ್ನಡವೋ, ಅದೂ ಅಜ್ಜಿ ಹತ್ತಿರ ಮಾತ್ರ. ಮಾತು ಬರುತ್ತೆ, ವಸ್ತುಗಳ ಹೆಸರು ಬರಲ್ಲ. "ಅಜ್ಜಿ ಅದು ಕೊಡಿ, ಇದು ಕೊಡಿ" ಅಂತ ಬೆರಳು ತೋರಿಸಿ ದಿನ ಸಾಗುತ್ತೆ. ಫೋಟೋ ಕೆಳಗೆ ಬೆರಳು ತೋರಿಸೋಕೆ ಆಗಲ್ಲ ನೋಡಿ. ಹೆಸರು ಬರೀಲೇಬೇಕು.

ಒಬ್ಬಳು ಅಜ್ಜಿ ನೆಲದ ಮೇಲೆ ಕೂತು ತರಕಾರಿ ಹೆಚ್ಚೋ ಚಿತ್ರ ತಂದಳು. ಮುಖ ಇಲ್ಲ, ಎರಡು ಕೈ, ಬಳೆ, ಅರ್ಧ ಹೆಚ್ಚಿದ ಬೀನ್ಸ್, ಮತ್ತೆ ಆ ಬಾಗಿದ ಕತ್ತಿಯ ಮಣೆ. ಕೆಳಗೆ "ಅಜ್ಜಿ ಕಟಿಂಗ್ ಮಾಡುತ್ತಿದ್ದಾರೆ" ಅಂತ ಬರೆದಿದ್ದಳು. ಅದಕ್ಕೆ ಏನಂತಾರೆ ಅಂದೆ. ಗೊತ್ತಿಲ್ಲ. ಮನೆಗೆ ಹೋಗಿ ಕೇಳಿಕೊಂಡು ಬಾ ಅಂದೆ. ಮರುದಿನ "ಮೆಟ್ಟುಕತ್ತಿ" ಅಂತ ಬರೆದು ತಂದಳು. ಪಕ್ಕದಲ್ಲಿ ಕೂತಿದ್ದ ಹುಬ್ಬಳ್ಳಿ ಕಡೆಯ ಹುಡುಗ, "ಅಲ್ಲ, ಅದಕ್ಕ ಈಳಗಿ ಅಂತಾರ" ಅಂದ. ಮೈಸೂರಿನ ಮನೆಯವಳು ಈಳಿಗೆ ಮಣೆ ಅಂದಳು. ಬಾಗಿಲ ಹತ್ತಿರ ನಿಂತಿದ್ದ ನಮ್ಮ ಹಾಲ್‌ನ ವಾಚ್‌ಮನ್ ಕಾಕಾ ನಕ್ಕು, "ವಿಳೀ" ಅಂದ್ರು. ಒಂದೇ ಕತ್ತಿಗೆ ನಾಲ್ಕು ಹೆಸರು, ನಾಲ್ಕೂ ಅದೇ ಕಾಗದದ ಕೆಳಗೆ ಬಂದವು. ಆ ಹುಡುಗಿ ಅವತ್ತು ಮನೆಗೆ ಹೋಗಿ ಅಜ್ಜಿಗೆ ಎಲ್ಲಾ ನಾಲ್ಕನ್ನೂ ಹೇಳಿದಳಂತೆ. ಅಜ್ಜಿ ಅಡುಗೆಮನೆಯ ಇನ್ನೂ ಹನ್ನೊಂದು ಸಾಮಾನು ಒಂದೊಂದಾಗಿ ಹೊರಗೆ ತೆಗೆದು ಹೆಸರು ಹೇಳಿ ಕೂರಿಸಿಕೊಂಡರಂತೆ. ಹನ್ನೆರಡು ಬೀಜದಲ್ಲಿ ಹನ್ನೊಂದು ಅಲ್ಲೇ ಖರ್ಚು.

ಕೊನೆಯ ದಿನ ಪ್ರದರ್ಶನ. ದೊಡ್ಡ ಫ್ರೇಮ್ ಬೇಡ, ಬ್ಯಾನರ್ ಬೇಡ, ಅತಿಥಿಗಳ ಭಾಷಣ ಅಂತೂ ಬೇಡವೇ ಬೇಡ. ನಾಲ್ಕು ಆರು ಇಂಚಿನ ಪ್ರಿಂಟ್, ಒಂದಕ್ಕೆ ಒಂದು ವಡಾಪಾವ್‌ನಷ್ಟೂ ಖರ್ಚಾಗಲ್ಲ. ಹಾಲ್‌ನಲ್ಲಿ ಸುತ್ತ ನೈಲಾನ್ ಹಗ್ಗ ಕಟ್ಟಿ, ಬಟ್ಟೆ ಕ್ಲಿಪ್ ಹಾಕಿ, ಮಕ್ಕಳ ಕಣ್ಣಿನ ಎತ್ತರಕ್ಕೆ ತೂಗುಹಾಕಿ. ದೊಡ್ಡವರು ಬಗ್ಗಿ ನೋಡಲಿ. ಪ್ರತಿ ಮಗು ತನ್ನ ನಾಲ್ಕು ಚಿತ್ರದ ಪಕ್ಕ ನಿಂತಿರುತ್ತೆ, ಯಾರಾದ್ರೂ "ಚೆನ್ನಾಗಿದೆ" ಅಂದ್ರೆ "ಏನು ಚೆನ್ನಾಗಿದೆ?" ಅಂತ ತಿರುಗಿ ಕೇಳೋಕೆ ಹೇಳಿಕೊಟ್ಟಿರ್ತೀವಿ. ಸೋದರಮಾವಂದಿರು ತಬ್ಬಿಬ್ಬಾಗೋದು ನೋಡೋಕೆ ಮಜಾ.

ಲ್ಯಾಬ್‌ಗೆ ಪ್ರಿಂಟ್ ಕೊಡುವಾಗ ಬೀದಿಯ ಚಿತ್ರಗಳದ್ದು ಎರಡೆರಡು ಪ್ರತಿ ಹಾಕಿಸಿ. ಒಂದು ಹಗ್ಗಕ್ಕೆ, ಇನ್ನೊಂದು ಚಿತ್ರದಲ್ಲಿರೋರಿಗೆ. ಪ್ರದರ್ಶನದ ಮರುದಿನ ಬೆಳಿಗ್ಗೆ, ಮಾರುಕಟ್ಟೆ ಬಿಸಿ ಇಳಿದ ಹೊತ್ತಿಗೆ, ಯಾವ ಮಗು ತೆಗೆದಿತ್ತೋ ಅದೇ ಮಗು ಹೋಗಿ ಕೈಯಲ್ಲಿ ಕೊಟ್ಟು ಬರಬೇಕು. ಅದಕ್ಕೇ ಅವತ್ತು ಹೆಸರು ಬರ್ಕೊಂಡದ್ದು. ಹಿಂದೆ ಪೆನ್ಸಿಲ್‌ನಲ್ಲಿ ತಾರೀಕು ಹಾಕಿ, ಪ್ಲಾಸ್ಟಿಕ್ ಕವರ್‌ಗೆ ಸೇರಿಸಿ ಕೊಡಿ. ಜೂನ್ ಮಳೆ ಬಂದ್ರೆ ತರಕಾರಿ ಗಾಡಿಯಲ್ಲಿ ಕಾಗದ ನಿಲ್ಲಲ್ಲ.